ಕಂದು ಕೊಬ್ಬನ್ನು ಕಂಡ ಗೆಸ್ನರ್

ಮಕ್ಕಳೇ, ಕೊಬ್ಬು ಎಂದರೆ ಮೈ ದಪ್ಪ ಮಾಡುವ ಬಿಳಿ ಪದಾರ್ಥ ಎಂದಷ್ಟೇ ನಾವು ತಿಳಿದಿರುತ್ತೇವೆ. ಕಂದು ಬಣ್ಣದ ಕೊಬ್ಬೂ ಇದೆ! ಅದನ್ನು ಮೊದಲು ಗಮನಿಸಿ ಬರೆದಿಟ್ಟವರು ಕಾನ್ರಾಡ್ ಗೆಸ್ನರ್.

ಗೆಸ್ನರ್ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ 1516ರಲ್ಲಿ ಜನಿಸಿದರು. ತಂದೆ ತುಪ್ಪಳದ ಚರ್ಮದ ಕೆಲಸ ಮಾಡುವ ಬಡವರು. ಮನೆ ತುಂಬ ಮಕ್ಕಳು. ಹೀಗಾಗಿ ಬಾಲಕ ಗೆಸ್ನರ್ ಗಿಡಮೂಲಿಕೆ ಬಲ್ಲ ಬಂಧುವೊಬ್ಬರ ಮನೆಯಲ್ಲಿ ಬೆಳೆದರು. 1531ರಲ್ಲಿ ತಂದೆ ಯುದ್ಧದಲ್ಲಿ ಮಡಿದರು. ಗುರುಗಳ ನೆರವಿನಿಂದ ಓದು ಮುಂದುವರಿಯಿತು. 1541ರಲ್ಲಿ ವೈದ್ಯರಾದರು.

ಪ್ರಾಣಿಗಳ ಬಗ್ಗೆ ಅವರು ಬರೆದ ಬೃಹತ್ ಗ್ರಂಥದ ಮೊದಲ ಸಂಪುಟ 1551ರಲ್ಲಿ ಹೊರಬಂತು. ಅದರಲ್ಲಿ ಆಲ್ಪ್ಸ್ ಪರ್ವತದ ಮಾರ್ಮಟ್ ಎಂಬ ಪ್ರಾಣಿಯ ವಿವರಣೆ ಇದೆ. ಮಾರ್ಮಟ್ ಅಳಿಲಿನ ಕುಟುಂಬದ್ದು, ಆದರೆ ದೊಡ್ಡ ಬೆಕ್ಕಿನಷ್ಟು ಗಾತ್ರ. (ಇದರ ಬಂಧುಗಳು ನಮ್ಮ ಲಡಾಖಿನಲ್ಲೂ ಇವೆ.) ಚಳಿಗಾಲವಿಡೀ ಬಿಲದಲ್ಲಿ ನಿದ್ರಿಸುತ್ತದೆ. ಅದರ ಹೆಗಲಿನ ಮೂಳೆಗಳ ನಡುವೆ ಗೆಸ್ನರ್ ಒಂದು ವಿಚಿತ್ರ ಅಂಗಾಂಶ ಕಂಡರು. ಅದು ಪೂರ್ತಿ ಕೊಬ್ಬೂ ಅಲ್ಲ, ಪೂರ್ತಿ ಮಾಂಸವೂ ಅಲ್ಲ ಎಂದು ದಾಖಲಿಸಿದರು. ಆಗ ಸೂಕ್ಷ್ಮದರ್ಶಕವೇ ಇರಲಿಲ್ಲ. ಕಂಡದ್ದನ್ನು ಕಂಡಂತೆಯೇ ಬರೆದದ್ದು ಅವರ ಹೆಚ್ಚುಗಾರಿಕೆ.

ಆ ಅಂಗಾಂಶವೇ ಕಂದು ಕೊಬ್ಬು. ಬಿಳಿ ಕೊಬ್ಬು ಆಹಾರದ ಶಕ್ತಿಯನ್ನು ಕೂಡಿಡುವ ಕಣಜ. ನಮಗೆ ಅದೂ ಬೇಕು. ಆದರೆ ಹೊಟ್ಟೆಯೊಳಗೆ, ಕರುಳಿನ ಸುತ್ತ ಅದು ಅತಿಯಾದರೆ ಉರಿಯೂತ ಉಂಟುಮಾಡುವ ವಸ್ತುಗಳು ರಕ್ತಕ್ಕೆ ಸೇರುತ್ತವೆ. ರಕ್ತನಾಳದ ಒಳಪದರ ಕೆಡುತ್ತದೆ. ಗೋಡೆಯಲ್ಲಿ ಕೊಲೆಸ್ಟರಾಲ್ ಶೇಖರವಾಗಿ ನಾಳ ಪೆಡಸಾಗುತ್ತದೆ, ಕಿರಿದಾಗುತ್ತದೆ. ಕಂದು ಕೊಬ್ಬು ಹಾಗಲ್ಲ, ಅದು ಒಲೆಯಂತೆ. ರಕ್ತದಲ್ಲಿನ ಸಕ್ಕರೆ ಮತ್ತು ಕೊಬ್ಬಿನಂಶವನ್ನು ಉರಿಸಿ ಶಾಖ ಕೊಡುತ್ತದೆ. ನಿದ್ರೆಯಿಂದ ಏಳುವ ಮಾರ್ಮಟ್ ಮೈ ಬೆಚ್ಚಗಾಗಲು, ಹಸುಗೂಸು ಚಳಿ ತಡೆಯಲು ಅದೇ ಆಧಾರ. ದೊಡ್ಡವರಲ್ಲೂ ಅದು ಕೆಲಸ ಮಾಡುತ್ತದೆ ಎಂಬುದು 2009ರಲ್ಲಿ ಖಚಿತವಾಯಿತು. 2021ರಲ್ಲಿ ಅಮೆರಿಕದ ವಿಜ್ಞಾನಿಗಳು ಸುಮಾರು 52 ಸಾವಿರ ಜನರ ದೇಹದ ಸ್ಕ್ಯಾನ್ ಚಿತ್ರಗಳನ್ನು ಪರಿಶೀಲಿಸಿದರು. ಕಂದು ಕೊಬ್ಬು ಕಾಣಿಸಿದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ, ರಕ್ತದೊತ್ತಡ ಎರಡೂ ಕಡಿಮೆ ಇದ್ದವು. ಇದಕ್ಕೆ ಕಾರಣವೇನೆಂಬ ಅಧ್ಯಯನ ಇನ್ನೂ ನಡೆದಿದೆ.

ಗೆಸ್ನರ್‌ಗೆ ಇದಾವುದನ್ನೂ ತಿಳಿಯುವ ಅವಕಾಶವಿರಲಿಲ್ಲ. 1564ರಲ್ಲಿ ಜ್ಯೂರಿಕ್‌ನಲ್ಲಿ ಪ್ಲೇಗ್ ಹಬ್ಬಿತು. ನಗರದ ವೈದ್ಯರಾಗಿದ್ದ ಅವರು ರೋಗಿಗಳ ಆರೈಕೆಯಲ್ಲಿ ತೊಡಗಿದರು. 1565ರ ಡಿಸೆಂಬರ್‌ನಲ್ಲಿ ಅದೇ ರೋಗಕ್ಕೆ ಬಲಿಯಾದರು. ಆಗ ಅವರಿಗೆ ವಯಸ್ಸು 49. ಸಸ್ಯಗಳ ಕುರಿತ ಅವರ ಗ್ರಂಥ ಅರ್ಧಕ್ಕೇ ನಿಂತಿತು. ಅದಕ್ಕಾಗಿ ಸಿದ್ಧಪಡಿಸಿದ್ದ ಚಿತ್ರಗಳು ಅಚ್ಚಾದದ್ದು ಸುಮಾರು 200 ವರ್ಷಗಳ ನಂತರ.