ಕೃಂಬಿಗಲ್ ಮತ್ತು ನನ್ನ ಬಾಲ್ಕನಿಯ ಪ್ಯಾನ್ಸಿ



ಮದುವೆಯಾಗಿ ಹೈದರಾಬಾದಿಗೆ ಬಂದ ಮೊದಲ ವರ್ಷ, ಫೆಬ್ರವರಿ ಕೊನೆಯಲ್ಲಿ ನರ್ಸರಿಯಿಂದ ಆರು ಕುಂಡ ಪ್ಯಾನ್ಸಿ ತಂದಿದ್ದೆ. ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಮಾವಳ್ಳಿಯಲ್ಲಿ. ಜನವರಿಯ ಫಲಪುಷ್ಪ ಪ್ರದರ್ಶನಕ್ಕೆ ಅಮ್ಮನ ಕೈ ಹಿಡಿದು ಲಾಲ್‌ಬಾಗಿಗೆ ಹೋದಾಗ, ಪುಟ್ಟ ಮುಖದ ಹಾಗೆ ಕಾಣುವ ಈ ಹೂವಿನ ಮುಂದೆಯೇ ನಾನು ನಿಂತುಬಿಡುತ್ತಿದ್ದೆ. ಕೊಂಡಾಪುರದ ನಮ್ಮ ಆರನೇ ಮಹಡಿಯ ಬಾಲ್ಕನಿಯಲ್ಲಿ ಅವು ಬದುಕಿದ್ದು ಮೂರೇ ವಾರ. ಯುಗಾದಿಗೆ ಮೊದಲೇ ಎಲ್ಲವೂ ಒಣಗಿದವು. ತೆಲುಗು ಬರುತ್ತಿರಲಿಲ್ಲ, ಹೊಸ ಕೆಲಸ ಹಿಡಿತಕ್ಕೆ ಸಿಕ್ಕಿರಲಿಲ್ಲ. ಈ ಊರಲ್ಲಿ ನನ್ನದೇನೂ ಬೇರು ಬಿಡುವುದಿಲ್ಲ ಅಂತ ಫೋನಿನಲ್ಲಿ ಅಮ್ಮನ ಹತ್ತಿರ ಅತ್ತುಬಿಟ್ಟೆ.

ಅಮ್ಮ ಸಮಾಧಾನ ಹೇಳಲಿಲ್ಲ, ಕೃಂಬಿಗಲ್ ಬಗ್ಗೆ ಓದು ಅಂದರು. ಲಾಲ್‌ಬಾಗ್ ಪಕ್ಕದ ಕೃಂಬಿಗಲ್ ರಸ್ತೆಯಲ್ಲಿ ಇಷ್ಟು ವರ್ಷ ಓಡಾಡಿದ್ದರೂ ಅದು ಯಾರ ಹೆಸರು ಎಂದು ನಾನು ಕೇಳಿಯೇ ಇರಲಿಲ್ಲ.

ಗುಸ್ತಾವ್ ಹರ್ಮನ್ ಕೃಂಬಿಗಲ್ ಹುಟ್ಟಿದ್ದು 1865ರ ಡಿಸೆಂಬರ್ 18ರಂದು, ಜರ್ಮನಿಯ ಡ್ರೆಸ್ಡೆನ್ ಹತ್ತಿರದ ಲೋಮೆನ್ ಎಂಬ ಊರಿನಲ್ಲಿ. ಪಿಲ್ನಿಟ್ಸ್‌ನಲ್ಲಿ ತೋಟಗಾರಿಕೆ ಕಲಿತು, 1888ರಲ್ಲಿ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂವಿನ ಮಡಿಗಳನ್ನು ರೂಪಿಸುವ ಕೆಲಸ, ನಂತರ ಪ್ರಸಿದ್ಧ ಕ್ಯೂ ಉದ್ಯಾನದಲ್ಲಿ ಕೆಲಸ. ಪ್ಯಾನ್ಸಿ, ವಯೋಲಾಗಳು ಇಂಗ್ಲೆಂಡಿನ ತೋಟಗಳಲ್ಲಿ ಮನೆಮಾತಾಗಿದ್ದ ಕಾಲ ಅದು. ಕಾಡು ವಯೋಲಾಗಳನ್ನು ಬೆರೆಸಿ, ಆರಿಸಿ, ದೊಡ್ಡ ಹೂವಿನ ಪ್ಯಾನ್ಸಿಯನ್ನು ಬೆಳೆಸಿದವರೇ ಅಲ್ಲಿನ ತೋಟಗಾರರು.

1893ರಲ್ಲಿ ಅವರು ಬರೋಡಾ ಸಂಸ್ಥಾನದ ಕೆಲಸಕ್ಕೆ ಭಾರತಕ್ಕೆ ಬಂದರು. ಆಗ ವಯಸ್ಸು ಇಪ್ಪತ್ತೇಳು. ನಾನು ಹೈದರಾಬಾದಿಗೆ ಬಂದಾಗ ನನಗೂ ಇಪ್ಪತ್ತೇಳೇ! ನಾನು ಬಂದದ್ದು ಒಂದು ರಾತ್ರಿಯ ರೈಲಿನಲ್ಲಿ, ಅವರು ಬಂದದ್ದು ಹಡಗಿನಲ್ಲಿ.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1908ರಲ್ಲಿ ಅವರು ಮೈಸೂರು ಸಂಸ್ಥಾನಕ್ಕೆ ಬಂದು ಜಾನ್ ಕ್ಯಾಮರಾನ್ ನಂತರ ಲಾಲ್‌ಬಾಗಿನ ಹೊಣೆ ಹೊತ್ತರು. 1932ರವರೆಗೂ ಅಲ್ಲೇ ಇದ್ದರು. ಬೇರೆ ದೇಶಗಳ ಉದ್ಯಾನಗಳೊಂದಿಗೆ ಬೀಜ, ಸಸಿಗಳ ವಿನಿಮಯ ಮಾಡಿಕೊಂಡರು. 1912ರಲ್ಲಿ ಮೈಸೂರು ಉದ್ಯಾನ ಕಲಾ ಸಂಘದ ಸ್ಥಾಪನೆಯಲ್ಲಿ ಪಾತ್ರ ವಹಿಸಿದರು. ಇಂದಿಗೂ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲಿ ತೋಟಗಾರಿಕೆ ಇಲಾಖೆಯ ಜೊತೆ ಕೈಜೋಡಿಸುವುದು ಇದೇ ಸಂಘ. ಕೃಷ್ಣರಾಜಸಾಗರದ ಬೃಂದಾವನ ಉದ್ಯಾನದ ವಿನ್ಯಾಸದಲ್ಲೂ ಅವರ ಕೈ ಇದೆ. ಅದನ್ನು ಮಾಡಿಸಿದ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ 1946ರಲ್ಲಿ ನಮ್ಮ ಈ ಹೈದರಾಬಾದಿಗೇ ಪ್ರಧಾನಮಂತ್ರಿಯಾಗಿ ಬಂದರು ಅನ್ನುವುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಕೃಂಬಿಗಲ್ ಅವರ ಕೆಲಸದಲ್ಲಿ ನನ್ನ ಮನಸ್ಸಿಗೆ ಹತ್ತಿರವಾದದ್ದು ಬೆಂಗಳೂರಿನ ಸಾಲುಮರಗಳ ಯೋಚನೆ. ಒಂದು ಜಾತಿಯ ಹೂವು ಮುಗಿಯುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷವಿಡೀ ಯಾವುದಾದರೂ ಬೀದಿಯಲ್ಲಿ ಬಣ್ಣ ಇರಬೇಕು ಎಂಬ ಲೆಕ್ಕದಲ್ಲಿ ಮರಗಳನ್ನು ಆರಿಸುತ್ತಿದ್ದರಂತೆ. ಪ್ರಾಜೆಕ್ಟ್ ಪ್ಲಾನ್ ಮಾಡುವ ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ. ಆದರೆ ನಮ್ಮ ಪ್ಲಾನ್ ಮೂರು ತಿಂಗಳಿನದು, ಅವರದು ನೆಟ್ಟವರು ಪೂರ್ತಿ ನೋಡಲಾಗದಷ್ಟು ದೂರದ್ದು.

ಇಷ್ಟು ಮಾಡಿದ ಮನುಷ್ಯನನ್ನು ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಎಂಬ ಕಾರಣಕ್ಕೆ ಬ್ರಿಟಿಷರು ಬಂಧನದಲ್ಲಿಟ್ಟರು. ಎರಡನೇ ಮಹಾಯುದ್ಧದಲ್ಲೂ ಅದೇ ಆಯಿತು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ತಾವೇ ಹಸಿರು ಮಾಡಿದ ನೆಲದಲ್ಲಿ ಎರಡು ಸಲ ಪರಕೀಯ ಅನ್ನಿಸಿಕೊಂಡರೂ ಅವರು ಹೊರಟು ಹೋಗಲಿಲ್ಲ. 1956ರ ಫೆಬ್ರವರಿ 8ರಂದು ಬೆಂಗಳೂರಿನಲ್ಲೇ ತೀರಿಕೊಂಡರು. ಸಮಾಧಿ ಹೊಸೂರು ರಸ್ತೆಯ ಸ್ಮಶಾನದಲ್ಲಿದೆ. ಇದನ್ನು ಓದಿದ ದಿನ, ಭಾಷೆ ಬರುವುದಿಲ್ಲವೆಂದು ಅತ್ತದ್ದು ನೆನಪಾಗಿ ನಾಚಿಕೆಯಾಯಿತು.

ಆಮೇಲೆ ನನ್ನ ತಪ್ಪೂ ಗೊತ್ತಾಯಿತು. ಗಿಡ ಕೆಟ್ಟದ್ದಲ್ಲ, ಊರೂ ಕೆಟ್ಟದ್ದಲ್ಲ, ನಾನು ತಂದ ತಿಂಗಳು ತಪ್ಪು. ಪ್ಯಾನ್ಸಿ ತಂಪು ಬಯಸುವ ಹೂವು. ಏಪ್ರಿಲ್‌ನಲ್ಲಿ 40 ಡಿಗ್ರಿ ಮುಟ್ಟುವ ಹೈದರಾಬಾದಿನಲ್ಲಿ ಅದಕ್ಕಿರುವುದು ಚಳಿಗಾಲ ಮಾತ್ರ.

ಈಗ ನಾನು ಮಾಡುವುದು ಹೀಗೆ. ಸೆಪ್ಟೆಂಬರ್ ಕೊನೆಯಲ್ಲಿ, ಮಳೆ ಕಡಿಮೆಯಾಗುವಾಗ, ಕೋಕೋಪೀಟ್ ಮತ್ತು ಎರೆಗೊಬ್ಬರ ಬೆರೆಸಿದ ಟ್ರೇಯಲ್ಲಿ ಬೀಜ ಹಾಕುತ್ತೇನೆ. ಮೊಳೆಯಲು ಕತ್ತಲೆ ಬೇಕು, ಆದ್ದರಿಂದ ತೆಳುವಾಗಿ ಮುಚ್ಚಿ, ಮನೆಯೊಳಗೆ ತಂಪಾದ ಮೂಲೆಯಲ್ಲಿ ಇಡುತ್ತೇನೆ. ಎರಡು ವಾರದೊಳಗೆ ಮೊಳಕೆ ಬರುತ್ತದೆ. ಬಂದ ತಕ್ಷಣ ಬೆಳಕಿಗೆ ಇಡಬೇಕು. ನಾಲ್ಕೈದು ಎಲೆ ಬಂದಾಗ ನೀರು ಸರಾಗವಾಗಿ ಇಳಿಯುವ ಕುಂಡಕ್ಕೆ ವರ್ಗ. ಬೆಳಗಿನ ಬಿಸಿಲು ಸಾಕು, ಮಧ್ಯಾಹ್ನದ್ದು ಬೇಡ. ಗಿಡಹೇನು ಕಂಡರೆ ಬೇವಿನೆಣ್ಣೆ ಸಿಂಪಡಿಸುತ್ತೇನೆ. ಬಾಡಿದ ಹೂವನ್ನು ದಿನವೂ ಚಿವುಟಬೇಕು. ಬಿಟ್ಟರೆ ಗಿಡ ಬೀಜ ಕಟ್ಟುವುದರಲ್ಲಿ ತೊಡಗಿ ಹೂ ಕಡಿಮೆ ಮಾಡುತ್ತದೆ. ಹೊಸಬರು ವಯೋಲಾದಿಂದ ಶುರು ಮಾಡಿ. ಹೂವು ಚಿಕ್ಕದು, ಆದರೆ ಸಂಖ್ಯೆ ಹೆಚ್ಚು, ಸೆಖೆಯನ್ನೂ ಸ್ವಲ್ಪ ಹೆಚ್ಚು ತಡೆಯುತ್ತದೆ. ಮಾರ್ಚ್ ಬಂದಾಗ ಗಿಡ ಕಿತ್ತು ಗೊಬ್ಬರಕ್ಕೆ ಹಾಕುತ್ತೇನೆ, ಅದೇ ಕುಂಡಕ್ಕೆ ಟೇಬಲ್ ರೋಸ್. ಬಾಲ್ಕನಿಯಲ್ಲೂ ಒಂದಾದ ಮೇಲೊಂದು ಹೂವು ಇರಲಿ ಎಂದು ಕೃಂಬಿಗಲ್ ಅವರಿಂದ ಕಲಿತ ಪಾಠ.

ಹೋದ ಸೆಪ್ಟೆಂಬರಿನಲ್ಲಿ ಆಫೀಸಿನಲ್ಲಿ ಬೆಂಗಳೂರಿಗೆ ವರ್ಗ ಬೇಕೇ ಎಂದು ಕೇಳಿದರು. ಏಳು ವರ್ಷದಿಂದ ಕಾಯುತ್ತಿದ್ದ ಪ್ರಶ್ನೆ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಮಗಳಿಗೆ ತೆಲುಗು ನನಗಿಂತ ಚೆನ್ನಾಗಿ ಬರುತ್ತದೆ, ಕನ್ನಡವನ್ನು ನಮ್ಮ ಸಂಘದಲ್ಲೇ ಕಲಿಯುತ್ತಿದ್ದಾಳೆ. ಕೊನೆಗೆ ಸದ್ಯಕ್ಕೆ ಬೇಡ ಎಂದು ಬರೆದೆ. ಅಮ್ಮನಿಗೆ ಹೇಗೆ ಹೇಳುವುದೆಂಬ ಅಳುಕು ಇತ್ತು. ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಈ ಸಲ ಬೀಜ ಹಾಕಿದೆಯಾ ಎಂದು ಕೇಳಿದರು. ಸಂಕ್ರಾಂತಿಗೆ ಅವರೇಕಾಯಿ ಚೀಲ ಹೊತ್ತು ಅವರೇ ಬಂದರು. ಬೆಳಿಗ್ಗೆ ಕಾಫಿ ಹಿಡಿದು ಬಾಲ್ಕನಿಯಲ್ಲಿ ಕೂತು ಮೊಮ್ಮಗಳ ಜೊತೆ ಹೂವಿನ ಮುಖಗಳನ್ನು ಎಣಿಸಿದರು.

ಈ ಸಲವೂ ಎರಡು ಟ್ರೇ ಸಸಿ ಮಾಡುತ್ತೇನೆ. ನವೆಂಬರಿನ ರಾಜ್ಯೋತ್ಸವ ಕಾರ್ಯಕ್ರಮಕ್ಕೆ ತರುತ್ತೇನೆ, ಬೇಕಾದವರು ಒಂದೊಂದು ಒಯ್ಯಿರಿ.