ಲೂಥರನ ಪತ್ನಿ ಕತರೀನಳ ಮನೆವಾರ್ತೆ

ಮಾರ್ಟಿನ್ ಲೂಥರನ ಹೆಸರು ನಮ್ಮ ಸಭೆಗಳಲ್ಲಿ ಮಕ್ಕಳಿಗೂ ಗೊತ್ತು. ಆತನ ಪತ್ನಿಯನ್ನು ಕುರಿತು ಬಲ್ಲವರು ಕೊಂಚ. ಕೈಯಲ್ಲಿ ಹಣವಿಲ್ಲದ ಮನೆಗೆ ಕೂಸು ಬರುವ ಕಾಲದಲ್ಲಿ ಗೃಹಿಣಿಯು ಹೇಗೆ ನಡಕೊಂಡಳೆಂಬದನ್ನು ತಿಳಿಯಲಿಚ್ಛಿಸುವ ವಾಚಕರಿಗೆ ಆಕೆಯ ಚರಿತ್ರೆಯು ತಕ್ಕದ್ದಾಗಿದೆ.

ಕತರೀನ ಫಾನ್ ಬೋರಾ ಎಂಬಾಕೆಯು 1499ನೇ ಇಸವಿಯಲ್ಲಿ ಜರ್ಮನಿಯ ಸಾಕ್ಸನಿ ಸೀಮೆಯಲ್ಲಿ, ಕುಲದಲ್ಲಿ ದೊಡ್ಡದಾದರೂ ಸ್ಥಿತಿಯಲ್ಲಿ ಬಡವಾದ ಮನೆಯಲ್ಲಿ ಹುಟ್ಟಿದಳು. ಚಿಕ್ಕ ಹುಡುಗಿಯಾಗಿರುವಾಗಲೇ ಆಕೆಯನ್ನು ಮಠಕ್ಕೆ ಒಪ್ಪಿಸಿದರು. 1515ರಲ್ಲಿ ನಿಂಬ್ಶೆನಿನ ಮಠದಲ್ಲಿ ಸನ್ಯಾಸಿನಿಯಾದಳು. ಲೂಥರನ ಬೋಧನೆಯು ಆ ಗೋಡೆಗಳೊಳಕ್ಕೂ ತಲಪಿತು. 1523ನೇ ಇಸವಿಯ ಪುನರುತ್ಥಾನದ ಹಬ್ಬದ ಸಮಯದಲ್ಲಿ ಆಕೆಯೂ ಇನ್ನು ಕೆಲವು ಸನ್ಯಾಸಿನಿಯರೂ ಕೊಪ್ಪೆ ಎಂಬ ವರ್ತಕನ ಬಂಡಿಯಲ್ಲಿ ರಾತ್ರಿಯಲ್ಲಿ ಹೊರಟು ವಿಟ್ಟೆನ್‌ಬೆರ್ಗಿಗೆ ಬಂದರು. 1525ನೇ ಜೂನ್ 13ರಂದು ಲೂಥರನು ಆಕೆಯನ್ನು ಮದುವೆಯಾದನು.

ಅವರ ವಾಸಕ್ಕೆ ದೊರೆತದ್ದು ಲೂಥರನು ಮುಂಚೆ ಸನ್ಯಾಸಿಯಾಗಿದ್ದ ಹಳೆಯ ಮಠವೇ. ಕಟ್ಟಡವೇನೋ ದೊಡ್ಡದು, ಸಂಸಾರಕ್ಕೆ ಬೇಕಾದದ್ದು ಒಳಗೆ ಏನೂ ಇರಲಿಲ್ಲ. ಲೂಥರನ ಹಾಸಿಗೆಯ ಹುಲ್ಲನ್ನು ಒಂದು ವರುಷದಿಂದ ಯಾರೂ ಬದಲಾಯಿಸಿರಲಿಲ್ಲವೆಂದರೆ ಮಿಕ್ಕದ್ದನ್ನು ಊಹಿಸಿಕೊಳ್ಳಬಹುದು. ಆತನು ತನ್ನ ಗ್ರಂಥಗಳಿಗಾಗಿ ಮುದ್ರಣಗಾರರಿಂದ ಕಾಸನ್ನೂ ತಕ್ಕೊಳ್ಳುತ್ತಿರಲಿಲ್ಲ. ಬೇಡಿದವರಿಗೆ ಇಲ್ಲವೆನ್ನಲು ಆತನಿಗೆ ಬಾರದು. ಮದುವೆಯ ಕಾಲದಲ್ಲಿ ವಿರೋಧಿಯಾದ ಮೈನ್ಸಿನ ಆರ್ಚ್‌ಬಿಷಪನು 20 ಗುಲ್ಡನ್ ನಾಣ್ಯಗಳನ್ನು ಉಡುಗೊರೆಯಾಗಿ ಕಳುಹಿಸಿದಾಗ ಲೂಥರನು ಬೇಡವೆಂದನು. ಕತರೀನಳು ಅದನ್ನು ಇಟ್ಟುಕೊಂಡಳು. ಇನ್ನೊಮ್ಮೆ ಆತನು ಸ್ನೇಹಿತನಿಗೆ ಕೊಡಬೇಕೆಂದಿದ್ದ ಪಾತ್ರೆಯನ್ನು ಆಕೆ ಬಚ್ಚಿಟ್ಟಳು. ಆಕೆಯನ್ನು ಜಿಪುಣಿ ಎಂದವರುಂಟು. ನನಗೆ ಹಾಗೆ ತೋರುವದಿಲ್ಲ. ಗಂಡನು ಎರಡು ಕೈಗಳಿಂದಲೂ ಕೊಡುವ ಮನೆಯಲ್ಲಿ, ಬರಲಿರುವ ಕೂಸಿನ ನಿಮಿತ್ತ, ಹೆಂಡತಿಯ ಒಂದು ಕೈಯಾದರೂ ಮುಚ್ಚಿಕೊಂಡಿರಬೇಕಷ್ಟೆ.

ಆ ವರುಷವೇ ಆಕೆ ಗರ್ಭಿಣಿಯಾದಳು. ಸನ್ಯಾಸಿಗೂ ಸನ್ಯಾಸಿನಿಗೂ ಹುಟ್ಟುವ ಕೂಸು ಕ್ರಿಸ್ತವಿರೋಧಿಯಾಗುವದೆಂದು ಜನರು ಆಡಿಕೊಳ್ಳುತ್ತಿದ್ದರು. ಮಠದಲ್ಲಿ ಬೆಳೆದವಳಾದ ಕತರೀನಳು ಈ ಮಾತುಗಳ ನಡುವೆ ಮನೆಯನ್ನು ಶುಚಿಮಾಡಿಸಿ ವಾಸಕ್ಕೆ ಯೋಗ್ಯವಾಗಿ ಮಾಡಿದಳು. ಅವರು ತೋಟವನ್ನು ಬೆಳಿಸಿ ಬಾವಿಯನ್ನು ತೋಡಿಸಿದರು. ನ್ಯೂರೆನ್‌ಬೆರ್ಗಿನ ಸ್ನೇಹಿತನಿಂದ ಬೀಜಗಳನ್ನು ಕೇಳಿ ಬರೆದವನು ಲೂಥರನೇ. ಕ್ರಮೇಣ ಹಸು, ಹಂದಿ, ಕೋಳಿಗಳೂ ಕೂಡಿದವು. ಬಾರ್ಲಿಯಿಂದ ಬೀರನ್ನೂ ಆಕೆ ಮನೆಯಲ್ಲೇ ಕಾಯಿಸುತ್ತಿದ್ದಳು. ನಮ್ಮ ಸಭೆಯ ಹಿರಿಯರು ಇದಕ್ಕೆ ಹುಬ್ಬುಗಂಟಿಕ್ಕಬಹುದು. ಆ ದೇಶದಲ್ಲಿ ಆ ಕಾಲಕ್ಕೆ ಅದು ಊಟದೊಡನೆ ಎಲ್ಲರೂ ಕುಡಿಯುವಂಥದಾಗಿತ್ತು, ಕೊಂಡರೆ ಖರ್ಚು. 1526ನೇ ಜೂನ್ 7ರಂದು ಹಾನ್ಸ್ ಎಂಬ ಗಂಡುಕೂಸು ಸುಖವಾಗಿ ಹುಟ್ಟಿತು. ಆಡಿಕೊಂಡವರ ಬಾಯಿ ಕಟ್ಟಿತು.

ಎರಡನೆಯ ಕೂಸಿನ ಕಾಲವು ಇದಕ್ಕಿಂತ ಕಠಿಣವಾಯಿತು. ಪರರಿಗೆ ಜಾಮೀನು ನಿಂತದ್ದರಿಂದ 1527ರ ಆರಂಭದಲ್ಲಿ ಲೂಥರನ ತಲೆಯ ಮೇಲೆ 100 ಗುಲ್ಡನಿಗೂ ಮೀರಿದ ಸಾಲವಿತ್ತು. ಮೂರು ಬೆಳ್ಳಿ ಬಟ್ಟಲುಗಳು 50 ಗುಲ್ಡನಿಗೆ ಅಡವಿಗೆ ಹೋದವು. ನಾಲ್ಕನೆಯದನ್ನು 12ಕ್ಕೆ ಮಾರಿದರು. ಕಡೆಗೆ, ಅವರ ಮದುವೆಗೆ ಸಾಕ್ಷಿಯಾಗಿದ್ದ ಚಿತ್ರಕಾರ ಕ್ರಾನಾಖನೇ ಲೂಥರನ ಜಾಮೀನನ್ನು ಇನ್ನು ಒಪ್ಪೆನೆಂದನು. ಅದು ಸ್ನೇಹಿತನು ಮಾಡಿದ ಉಪಕಾರವೇ ಸರಿ.

ಕತರೀನಳು ಪುನಃ ಗರ್ಭಿಣಿಯಾಗಿರಲಾಗಿ, ಜುಲೈ ತಿಂಗಳಲ್ಲಿ ಲೂಥರನು ಸಾಯುವಷ್ಟು ಅಸ್ವಸ್ಥನಾದನು. ಆಗಸ್ಟಿನಲ್ಲಿ ಊರಿಗೆ ಪ್ಲೇಗು ಬಿತ್ತು. ವಿದ್ಯಾಲಯವು ಯೇನಾ ಪಟ್ಟಣಕ್ಕೆ ಹೋಯಿತು. ಅರಸನು ಹೊರಡೆಂದರೂ ಲೂಥರನು ಸಭೆಯನ್ನು ಬಿಡಲಿಲ್ಲ, ಕತರೀನಳು ಗಂಡನನ್ನು ಬಿಡಲಿಲ್ಲ. ಮನೆಯು ರೋಗಿಗಳ ಮನೆಯಾಯಿತು. ಪುಟ್ಟ ಹಾನ್ಸನೂ ಹಾಸಿಗೆ ಹಿಡಿದನು. ಜೊತೆಯ ಬೋಧಕನೊಬ್ಬನ ಹೆಂಡತಿಯು ಸತ್ತ ಕೂಸನ್ನು ಹೆತ್ತು ತಾನೂ ತೀರಿಹೋದಳು. ದಿನ ತುಂಬುತ್ತಿದ್ದ ಕತರೀನಳಿಗಾಗಿ ಲೂಥರನು ಬಹಳ ಅಂಜಿದನು. ತೊಟ್ಟಿಲ ಯೋಚನೆಯನ್ನೂ ರೋಗಿಗಳ ಗಂಜಿಯನ್ನೂ ಆಕೆ ಒಂದೇ ಒಲೆಯ ಮುಂದೆ ನೋಡಿಕೊಳ್ಳಬೇಕಾಯಿತು. ಡಿಸೆಂಬರ್ 10ರಂದು ಎಲಿಸಬೇತಳು ಹುಟ್ಟಿದಳು. ತಾಯಿಯೂ ಕೂಸೂ ಉಳಿದರು. ಆ ಪ್ಲೇಗಿನಲ್ಲಿ ಅವರಿಗಾದ ನಷ್ಟ ಐದು ಹಂದಿಗಳು.

ಆದರೆ ಇಷ್ಟು ಕಷ್ಟದಿಂದ ಬರಮಾಡಿಕೊಂಡ ಕೂಸು ಎಂಟು ತಿಂಗಳು ತುಂಬುವ ಮೊದಲೇ, 1528ನೇ ಆಗಸ್ಟ್ 3ರಂದು, ಕರ್ತನ ಬಳಿಗೆ ಹೋಯಿತು. ತನ್ನ ಹೃದಯವು ಹೆಂಗಸರ ಹೃದಯದಂತೆ ಕರಗಿತೆಂದು ಲೂಥರನು ಸ್ನೇಹಿತನಿಗೆ ಬರೆದನು. ತರುವಾಯ ಮಗ್ದಲೇನ, ಮಾರ್ಟಿನ್, ಪೌಲ್, ಮಾರ್ಗರೇತ ಎಂಬ ನಾಲ್ವರು ಹುಟ್ಟಿದರು. ಮಠದಿಂದ ಬಂದಿದ್ದ ಸೋದರತ್ತೆಯೊಬ್ಬಳು ಮಕ್ಕಳನ್ನು ಎತ್ತಿ ಆಡಿಸಲು ನೆರವಾದಳು. ಕತರೀನಳು ವಿದ್ಯಾರ್ಥಿಗಳಿಗೆ ಊಟಹಾಕಿ ಹಣ ಕೂಡಿಸಿದಳು, ಹೊಲಗಳನ್ನು ಸಂಪಾದಿಸಿದಳು. 1542ರಲ್ಲಿ ಲೂಥರನು ಮರಣಪತ್ರವನ್ನು ಬರೆದಾಗ, ಮಕ್ಕಳ ಭಾರವನ್ನು ಬೇರೆ ಪೋಷಕರಿಗೆ ವಹಿಸದೆ ಆಕೆಗೇ ವಹಿಸಿದನು.

1546ರಲ್ಲಿ ಆತನು ತೀರಿಹೋದನು. ಯುದ್ಧವು ಹೊಲಮನೆಗಳನ್ನು ಹಾಳುಮಾಡಿತು. 1552ರಲ್ಲಿ ಪುನಃ ಪ್ಲೇಗು ಬಂದಾಗ ಮಕ್ಕಳೊಡನೆ ಟೋರ್ಗೌ ಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಬಂಡಿಯ ಅಪಘಾತದಿಂದ ಪೆಟ್ಟುಬಿದ್ದು, ಡಿಸೆಂಬರ್ 20ರಂದು ಕತರೀನಳು ನಿದ್ರೆಹೋದಳು. ಆಕೆಯ ಸಮಾಧಿಯು ಅಲ್ಲಿಯ ಸಂತ ಮರಿಯಳ ದೇವಾಲಯದಲ್ಲಿದೆ.