ಗಾಲಿಕುರ್ಚಿಯವರಿಗೆ ಕ್ರೀಡಾಂಗಣ ತೆರೆದ ನರವೈದ್ಯ

ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದವರು ಆಟದ ಪಂದ್ಯಕ್ಕೆ ಇಳಿಯಬಹುದೇ? ಎರಡನೆಯ ಮಹಾಯುದ್ಧದ ಕಾಲದವರೆಗೂ ಇಂಥ ಪ್ರಶ್ನೆ ಕೇಳುವವರೇ ವಿರಳ. ಅಂಥ ರೋಗಿ ಹೆಚ್ಚು ಕಾಲ ಬದುಕಲಾರನೆಂಬುದೇ ವೈದ್ಯರ ಎಣಿಕೆಯಾಗಿತ್ತು. ಆ ಎಣಿಕೆಯನ್ನು ತಲೆಕೆಳಗು ಮಾಡಿದವರಲ್ಲಿ ಪ್ರಮುಖರು ಡಾ. ಲುಡ್ವಿಗ್ ಗುಟ್‌ಮನ್.

ಇವರು 1899ರ ಜುಲೈ 3ರಂದು, ಆಗ ಜರ್ಮನಿಗೆ ಸೇರಿದ್ದು ಈಗ ಪೋಲೆಂಡಿನಲ್ಲಿರುವ ಟೋಸ್ಟ್ ಎಂಬ ಊರಿನ ಯಹೂದಿ ಮನೆತನದಲ್ಲಿ ಜನಿಸಿದರು. 1917ರಲ್ಲಿ ಆಸ್ಪತ್ರೆಯೊಂದರಲ್ಲಿ ಸಹಾಯಕರಾಗಿದ್ದಾಗ, ಬೆನ್ನೆಲುಬು ಮುರಿದ ತರುಣ ಗಣಿ ಕಾರ್ಮಿಕನೊಬ್ಬ ಕೆಲವೇ ವಾರಗಳಲ್ಲಿ ತೀರಿಕೊಂಡುದನ್ನು ಕಣ್ಣಾರೆ ಕಂಡರು. ಮುಂದೆ ವೈದ್ಯರಾಗಿ, ಬ್ರೆಸ್ಲಾವ್ ನಗರದಲ್ಲಿ ಹೆಸರಾಂತ ನರವೈದ್ಯ ಓಟ್‌ಫ್ರಿಡ್ ಫರ್ಸ್ಟರ್ ಅವರ ಬಳಿ ಪಳಗಿದರು. 1933ರಲ್ಲಿ ನಾಜಿ ಸರಕಾರ ಯಹೂದಿ ವೈದ್ಯರನ್ನು ಹೊರಗಟ್ಟಿದಾಗ ಅಲ್ಲಿನ ಯಹೂದಿ ಆಸ್ಪತ್ರೆಯನ್ನು ಸೇರಿದರು. 1938ರ ನವೆಂಬರ್ 9ರ ರಾತ್ರಿ ಯಹೂದಿಗಳ ಮೇಲೆ ದಾಳಿ ನಡೆದಾಗ, ಬಾಗಿಲಿಗೆ ಬಂದವರನ್ನೆಲ್ಲ ರೋಗಿಗಳೆಂದು ಸೇರಿಸಿಕೊಂಡು ಅನೇಕರನ್ನು ಸೆರೆಶಿಬಿರದಿಂದ ಉಳಿಸಿದರು. ಮರುವರ್ಷ ಕುಟುಂಬದೊಡನೆ ಇಂಗ್ಲೆಂಡಿಗೆ ವಲಸೆ ಹೋದರು.

1944ರ ಫೆಬ್ರವರಿಯಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯ ಬೆನ್ನುಹುರಿ ವಿಭಾಗ ಇವರ ಕೈಗೆ ಬಂತು. ಅಲ್ಲಿ ಮಲಗಿದ್ದ ಸೈನಿಕರನ್ನು ಕೊಲ್ಲುತ್ತಿದ್ದುದು ಹಾಸಿಗೆಹುಣ್ಣು ಮತ್ತು ಮೂತ್ರಕೋಶದ ಸೋಂಕು. ಹಗಲಿರುಳೆನ್ನದೆ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವ ಕಟ್ಟುನಿಟ್ಟಿನ ಪದ್ಧತಿಯನ್ನು ಗುಟ್‌ಮನ್ ತಂದರು. ಜೀವ ಉಳಿದ ಮೇಲೆ ಮನಸ್ಸೂ ಏಳಬೇಕಲ್ಲವೇ? ಅದಕ್ಕೆ ಅವರು ಆರಿಸಿದ ಮದ್ದು ಆಟ. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಆರಂಭವಾದ ದಿನವೇ, 16 ಮಂದಿ ಗಾಲಿಕುರ್ಚಿಯಲ್ಲಿ ಕುಳಿತು ಬಿಲ್ಲುಗಾರಿಕೆಯಲ್ಲಿ ಸ್ಪರ್ಧಿಸಿದರು.

ಪಂದ್ಯವೆಂದ ಮೇಲೆ ನ್ಯಾಯವೂ ಬೇಕು. ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿ ಘಾಸಿಯಾದರೆ ಬೆರಳುಗಳ ಹಿಡಿತವೂ ತಪ್ಪಬಹುದು. ಎದೆಯ ಮಟ್ಟದಲ್ಲಾದರೆ ಕೈಗಳು ಗಟ್ಟಿಯಿದ್ದರೂ ಮುಂಡ ನೆಟ್ಟಗೆ ನಿಲ್ಲುವುದು ಕಷ್ಟ. ಸೊಂಟದ ಮಟ್ಟದಲ್ಲಾದರೆ ನೆಟ್ಟಗೆ ಕುಳಿತು ಭರ್ಜಿ ಎಸೆಯಬಹುದು. ಈ ಮೂವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಪಂದ್ಯದ ಫಲಿತಾಂಶ ಮೊದಲೇ ಗೊತ್ತಾದಂತೆ. ಆದುದರಿಂದ ವೈದ್ಯರು ಪೆಟ್ಟಿನ ಮಟ್ಟವನ್ನೂ ಸ್ನಾಯುಗಳಲ್ಲಿ ಉಳಿದ ಬಲವನ್ನೂ ಪರೀಕ್ಷಿಸಿ ಸ್ಪರ್ಧಿಗಳನ್ನು ವರ್ಗಗಳಾಗಿ ವಿಂಗಡಿಸಿದರು. ಆ ಆಟಕ್ಕೆ ಬೇಕಾದ ಚಲನೆಯನ್ನು ಸ್ಪರ್ಧಿ ಎಷ್ಟರಮಟ್ಟಿಗೆ ಮಾಡಬಲ್ಲನೆಂದು ನೋಡುವ ಕ್ರಮ ಅನಂತರ ಬೆಳೆಯಿತು.

1952ರಲ್ಲಿ ಡಚ್ಚರು ಬಂದು ಸೇರಿದಾಗ ಕೂಟ ಅಂತಾರಾಷ್ಟ್ರೀಯವಾಯಿತು. 1960ರ ರೋಮ್ ಕೂಟವನ್ನು ಈಗ ಮೊದಲ ಪ್ಯಾರಾಲಿಂಪಿಕ್ಸ್ ಎಂದು ಗಣಿಸುತ್ತಾರೆ. 1965ರ ಯುದ್ಧದಲ್ಲಿ ಗುಂಡೇಟು ತಿಂದ ನಮ್ಮ ದೇಶದ ಯೋಧ ಮುರಳಿಕಾಂತ ಪೇಟ್ಕರ್ 1972ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಈಜಿ ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ ತಂದುದು ಇದೇ ಪರಂಪರೆಯ ಕೂಟದಲ್ಲಿ.

1966ರಲ್ಲಿ ಸರ್ ಪದವಿ ಪಡೆದ ಗುಟ್‌ಮನ್ 1980ರ ಮಾರ್ಚ್ 18ರಂದು ನಿಧನರಾದರು. ನರಗಳ ಪರೀಕ್ಷೆಯೆಂದರೆ ಆಟದಿಂದ ಹೊರಹಾಕುವ ಚೀಟಿ ಎಂದು ತಿಳಿದಿದ್ದ ಲೋಕಕ್ಕೆ, ಅದೇ ಪರೀಕ್ಷೆಯಿಂದ ಪ್ರತಿಯೊಬ್ಬರಿಗೂ ತಕ್ಕ ಸಾಲನ್ನು ಹುಡುಕಿಕೊಡಬಹುದೆಂದು ಅವರು ತೋರಿಸಿದರು. ಆಟದ ಪಿರಿಯಡ್ಡಿನಲ್ಲಿ ತರಗತಿಯಲ್ಲೇ ಉಳಿಯುವ ಮಗು ನಮ್ಮ ಶಾಲೆಗಳಲ್ಲೂ ಇರುತ್ತದೆ. ಅದಕ್ಕೆ ಯಾವ ಆಟ ಆಡಲು ಸಾಧ್ಯವೆಂದು ವೈದ್ಯರನ್ನು ಕೇಳುವುದು ಹೆತ್ತವರ ಮತ್ತು ಅಧ್ಯಾಪಕರ ಹೊಣೆ.